ಸ್ಕೋಪ್ ಕೇಳಿದ ತಂಗಿಗೆ

ನಿನ್ನ ಪತ್ರವನ್ನು ಕಳೆದ ವಾರವೇ ಓದಿದ್ದೆ. ಮಳೆ ಹಿಡಿದ ವಾರದಲ್ಲಿ ನನಗೆ ಪುರುಸೊತ್ತು ಇರುವುದಿಲ್ಲ. ಏಕೆ ಎನ್ನುವುದು ಮುಂದೆ ಓದಿದರೆ ತಿಳಿಯುತ್ತದೆ. ಇವತ್ತು ಭಾನುವಾರ. ಅಂಗಡಿಗಳೆಲ್ಲ ಮುಚ್ಚಿವೆ, ಪಕ್ಕದ ಮನೆಯ ಅಜ್ಜಿಯ ನಿದ್ದೆ ಕೆಟ್ಟೀತೆಂದು ಮಿಕ್ಸಿ ಕೂಡ ತಿರುಗಿಸುವಂತಿಲ್ಲ. ಕೂತು ಬರೆಯುವುದಕ್ಕೆ ಈ ದೇಶದಲ್ಲಿ ಇದಕ್ಕಿಂತ ಒಳ್ಳೆಯ ದಿನ ಇಲ್ಲ.

ನೀನು ಬರೆದದ್ದು ಇಷ್ಟು. ಚಿತ್ರದುರ್ಗದಿಂದ ಅಕ್ಟೋಬರಿನಲ್ಲಿ ಬೋಖುಮ್‌ಗೆ ಬಂದಿದ್ದೀಯೆ. ಜರ್ಮನಿ ಎಂದರೆ ಕಾರು ಎಂದುಕೊಂಡು ಅದಕ್ಕೆ ಹೊಂದುವ ವಿಷಯವನ್ನೇ ಆರಿಸಿಕೊಂಡಿದ್ದೀಯೆ. ಬಂದು ನೋಡಿದರೆ ಕಾರಿನ ಕಂಪನಿಗಳೆಲ್ಲ ಜನರನ್ನು ಕಡಿಮೆ ಮಾಡುವ ಮಾತಾಡುತ್ತಿವೆ. ಲಿಫ್ಟ್ ರಿಪೇರಿಯ ಸಂಸ್ಥೆಯೊಂದು ವಿದ್ಯಾರ್ಥಿ ಕೆಲಸ ಕೊಡುತ್ತೇವೆ ಎಂದಿದೆ. ಒಪ್ಪಿಕೊಂಡರೆ ಇಷ್ಟು ವರ್ಷ ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದೇ ಎಂಬ ಭಯ ನಿನಗೆ. ಕೊನೆಗೆ ಎರಡು ಪ್ರಶ್ನೆ: 'ಅಕ್ಕಾ, ನೀವು ನಿಮ್ಮ ವೃತ್ತಿಯನ್ನು ಹೇಗೆ ಪ್ಲಾನ್ ಮಾಡಿದಿರಿ? ನಿಮ್ಮ ಕ್ಷೇತ್ರದಲ್ಲಿ ಸ್ಕೋಪ್ ಎಷ್ಟಿದೆ?'

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಮಾಡಲಿಲ್ಲ. ನಾನೂ ಕಾರಿಗೆಂದೇ ಬಂದವಳು. ಬಂದು ಹತ್ತೊಂಬತ್ತು ವರ್ಷವಾಯಿತು, ಇಂದಿನವರೆಗೆ ಒಂದು ಕಾರಿನ ಕಾರ್ಖಾನೆಯ ಗೇಟು ದಾಟಿಲ್ಲ. ನಾನು ಮಾಡುವುದು ಚರಂಡಿಯ ಕೆಲಸ. ಊರಿನಲ್ಲಿ ಯಾರಾದರೂ ಕೇಳಿದರೆ ಅಮ್ಮ 'ನೀರಿಗೆ ಸಂಬಂಧಪಟ್ಟಿದ್ದು' ಎನ್ನುತ್ತಾರೆ. ಸುಳ್ಳೇನೂ ಅಲ್ಲ, ಯಾವ ನೀರು ಎಂದು ಹೇಳುವುದಿಲ್ಲ ಅಷ್ಟೆ. ಕೊಳಚೆ ನೀರನ್ನು ಆಳದಿಂದ ಮೇಲಕ್ಕೆತ್ತುವ ಪಂಪುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ನಾನು. ಎರಡನೆಯ ಪ್ರಶ್ನೆಗೆ, ಅಂದರೆ ಸ್ಕೋಪಿಗೆ, ಉತ್ತರ ಸ್ವಲ್ಪ ತಮಾಷೆಯಾಗಿದೆ. ಅದನ್ನು ಹೇಳಬೇಕಾದರೆ ದಾವಣಗೆರೆಯಿಂದ ಶುರುಮಾಡಬೇಕು.

ನಮ್ಮಪ್ಪ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಒಂದಿತ್ತು. ನಾನು ಕಂಡಿದ್ದು ಆ ಕಾಲದ ಬಾಲವನ್ನು ಮಾತ್ರ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪನದೂ ಹಾಕಿತು. ಬಂದ ಹಣದಲ್ಲಿ ಹಳೆಯ ಪಿ.ಬಿ. ರಸ್ತೆಯ ಬದಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟರು. ಅಂಗಡಿ ಎಂದರೆ ಹತ್ತಡಿ ಅಗಲದ ಒಂದು ಮಳಿಗೆ. ಸುತ್ತಲ ಹಳ್ಳಿಗಳಿಂದ ಸುಟ್ಟ ಮೋಟಾರುಗಳು ಎತ್ತಿನ ಗಾಡಿ, ಟೆಂಪೊ, ಒಮ್ಮೊಮ್ಮೆ ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದವು. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದಷ್ಟೂ ನಮ್ಮ ಮನೆಯಲ್ಲಿ ಅಡುಗೆ ಚೆನ್ನಾಗಿರುತ್ತಿತ್ತು. ರೈತರ ಕಷ್ಟದಲ್ಲಿ ಉಂಡವರು ನಾವು ಎಂದು ಅಪ್ಪನೇ ಹೇಳುತ್ತಿದ್ದರು, ಹಾಗೆಂದು ಬಿಲ್ಲು ಕಡಿಮೆ ಮಾಡಿದವರಲ್ಲ.

ಶಾಲೆ ಮುಗಿಸಿ ಅಂಗಡಿಗೆ ಬಂದರೆ ನನಗೆ ಸಿಗುತ್ತಿದ್ದ ಕೆಲಸ ಹಳೆಯ ಕಾಯಿಲನ್ನು ಕತ್ತರಿಸಿ ತೆಗೆಯುವುದು, ಎಷ್ಟು ಸುತ್ತು ಇತ್ತೆಂದು ಎಣಿಸಿ ನೋಟ್ ಪುಸ್ತಕದಲ್ಲಿ ಬರೆಯುವುದು. ಕೈಗೆ ವಾರ್ನಿಷ್ ಅಂಟಿದರೆ ಸೀಮೆಎಣ್ಣೆಯಲ್ಲಿ ತೊಳೆಯಬೇಕು. ರಾತ್ರಿ ಊಟ ಮಾಡುವಾಗಲೂ ಬೆರಳಿನಲ್ಲಿ ಆ ವಾಸನೆ. ಇದು ಮುಂದೆ ಅನ್ನ ಕೊಡುವ ವಿದ್ಯೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಆ ವಾಸನೆಯಿಂದ ತಪ್ಪಿಸಿಕೊಳ್ಳಬೇಕೆಂದೇ ಎಂಜಿನಿಯರಿಂಗ್ ಓದಲು ಹೊರಟವಳು ನಾನು.

2001ರಲ್ಲಿ ಸಿಇಟಿ ಬರೆದೆ. ಕಂಪ್ಯೂಟರ್ ಸೈನ್ಸ್ ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ಕೌನ್ಸೆಲಿಂಗಿನ ಪರದೆಯ ಮೇಲೆ ಸೀಟುಗಳು ಕರಗುತ್ತಿದ್ದುದನ್ನು ನೋಡಿ ಅಪ್ಪ 'ಮೆಕ್ಯಾನಿಕಲ್ ತಗೋ, ಊರಲ್ಲೇ ಇದೆ' ಎಂದರು. ಐದು ನಿಮಿಷದಲ್ಲಿ ಆದ ತೀರ್ಮಾನ. ತರಗತಿಯಲ್ಲಿ ಅರವತ್ತು ಜನ, ಹುಡುಗಿಯರು ನಾವು ನಾಲ್ವರು. ಫೌಂಡ್ರಿ ಲ್ಯಾಬಿನಲ್ಲಿ ಖಾಕಿ ಏಪ್ರನ್ ಹಾಕಿಕೊಂಡು ಮರಳು ಕುಟ್ಟುತ್ತಿದ್ದರೆ ಬೇರೆ ವಿಭಾಗದ ಹುಡುಗಿಯರು ಕಿಟಕಿಯಿಂದ ನೋಡಿ ಹೋಗುತ್ತಿದ್ದರು, ಮೃಗಾಲಯಕ್ಕೆ ಬಂದವರ ಹಾಗೆ. ನಮಗೆ ಅದರಿಂದ ಬೇಜಾರಾಯಿತು ಎಂದೇನಲ್ಲ. ನಾಲ್ವರಿಗೂ ಒಂದು ಬಗೆಯ ಗತ್ತು ಬಂದಿತ್ತು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಭಾನುವಾರ ಬೆಣ್ಣೆ ದೋಸೆ, ಪರೀಕ್ಷೆಯ ಹಿಂದಿನ ರಾತ್ರಿ ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆಗಳ ಜೆರಾಕ್ಸ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿ ಆಗಿನ್ನೂ ಮೂರು ವರ್ಷ. ಫಲಿತಾಂಶ ಯಾವಾಗ ಬರುತ್ತದೆ ಎನ್ನುವುದೇ ಒಂದು ವಿಷಯವಾಗಿತ್ತು.

ಆ ನಾಲ್ಕು ವರ್ಷದಲ್ಲಿ ನಾನು ಫೇಲಾದದ್ದು ಒಂದೇ ವಿಷಯದಲ್ಲಿ: ಫ್ಲೂಯಿಡ್ ಮೆಕ್ಯಾನಿಕ್ಸ್. ದ್ರವಗಳು ಹೇಗೆ ಹರಿಯುತ್ತವೆ ಎಂಬ ಶಾಸ್ತ್ರ. ಈಗ ಅದೇ ನನ್ನ ಹೊಟ್ಟೆಪಾಡು. ಎರಡನೆಯ ಸಲ ಬರೆದು ಪಾಸಾದೆ, ಅದೂ ದಡ ಮುಟ್ಟಿದಂತೆ.

ಅದರ ಲ್ಯಾಬ್ ಪರೀಕ್ಷೆ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೊರಗಿನಿಂದ ಬಂದ ಪರೀಕ್ಷಕರು ಸೆಂಟ್ರಿಫ್ಯೂಗಲ್ ಪಂಪಿನ ಮುಂದೆ ನಿಲ್ಲಿಸಿ, ಸ್ವಿಚ್ ಹಾಕುವ ಮೊದಲು ಏನು ಮಾಡಬೇಕು ಎಂದರು. ಒಳಗೆ ಗಾಳಿ ಇದ್ದರೆ ಪಂಪು ಸುಮ್ಮನೆ ತಿರುಗುತ್ತದೆ, ನೀರು ಎಳೆಯುವುದಿಲ್ಲ, ಆದ್ದರಿಂದ ಮೊದಲು ನೀರು ತುಂಬಿಸಿ ಪ್ರೈಮ್ ಮಾಡಬೇಕು ಎಂದೆ. 'ಫುಟ್‌ವಾಲ್ವ್ ಸೋರಿ ತುಂಬಿಸಿದ ನೀರು ನಿಲ್ಲದಿದ್ದರೆ?' ಫುಟ್‌ವಾಲ್ವ್ ಎಂದರೆ ನೀರೆಳೆಯುವ ಪೈಪಿನ ತುದಿಯಲ್ಲಿ, ನೀರು ಹಿಂದಕ್ಕೆ ಹೋಗದಂತೆ ತಡೆಯುವ ಮುಚ್ಚಳ. ಪುಸ್ತಕದ ಉತ್ತರ ವಾಲ್ವ್ ಬದಲಾಯಿಸುವುದು. ನನ್ನ ಬಾಯಲ್ಲಿ ಬಂದದ್ದು, 'ಸಗಣಿ ಕದಡಿದ ನೀರು ಹಾಕುತ್ತೇವೆ ಸರ್'. ನಮ್ಮ ಕಡೆ ರೈತರು ಹಾಗೆಯೇ ಮಾಡುತ್ತಿದ್ದರು. ಸಗಣಿಯ ನಾರು ಹೋಗಿ ಸಂದಿಗೆ ಕೂತರೆ ಅರ್ಧ ಗಂಟೆಯ ಮಟ್ಟಿಗೆ ವಾಲ್ವ್ ಹಿಡಿದುಕೊಳ್ಳುತ್ತದೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಎಷ್ಟು ಅಂಕ ಕೊಟ್ಟರೆಂದು ನೆನಪಿಲ್ಲ. ಕಾಲೇಜು ಮುಗಿಯುವವರೆಗೆ 'ಸಗಣಿ' ಎಂಬ ಅಡ್ಡಹೆಸರು ಮಾತ್ರ ಉಳಿಯಿತು.

ಕ್ಯಾಂಪಸ್ ಆಯ್ಕೆಗೆ ಬಂದ ಸಾಫ್ಟ್‌ವೇರ್ ಕಂಪನಿಗಳು ಮೆಕ್ಯಾನಿಕಲ್‌ನವರನ್ನೂ ತೆಗೆದುಕೊಳ್ಳುತ್ತಿದ್ದವು. ಗುಂಪು ಚರ್ಚೆಯಲ್ಲಿ ನನ್ನ ಇಂಗ್ಲಿಷ್ ಏಳುವಷ್ಟರಲ್ಲಿ ಚರ್ಚೆ ಮುಗಿದಿರುತ್ತಿತ್ತು. ಒಂದು ವರ್ಷ ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದೆ. ಸೀನಿಯರ್ ಒಬ್ಬರು ಜರ್ಮನಿಯಿಂದ ಇ-ಮೇಲ್ ಬರೆದರು: ಇಲ್ಲಿ ಶುಲ್ಕ ಹೆಚ್ಚಿಲ್ಲ, ಕಾರಿನ ದೇಶ, ಬಾ. ನಾಲ್ಕು ಲಕ್ಷ ರೂಪಾಯಿವರೆಗೆ ಜಾಮೀನಿಲ್ಲದೆ ಶಿಕ್ಷಣ ಸಾಲ ಸಿಗುತ್ತಿತ್ತು. ಸರಿಯಾಗಿ ಅಷ್ಟನ್ನೇ ತೆಗೆದುಕೊಂಡೆ. 2006ರ ಅಕ್ಟೋಬರಿನಲ್ಲಿ ಬೋಖುಮ್ ಸ್ಟೇಷನ್ನಿನಲ್ಲಿ ಇಳಿದೆ. ನಾನು ಬರುವುದನ್ನೇ ಕಾಯುತ್ತಿದ್ದರೇನೋ ಎಂಬಂತೆ ಆ ವರ್ಷವೇ ಈ ರಾಜ್ಯದಲ್ಲಿ ಸೆಮಿಸ್ಟರಿಗೆ 500 ಯೂರೋವರೆಗೆ ಶುಲ್ಕ ಹಾಕಲು ಶುರುಮಾಡಿದರು. ನನ್ನ ಓದು ಮುಗಿದ ಮೇಲೆ, 2011ರಲ್ಲಿ, ತೆಗೆದುಹಾಕಿದರು. ನೀನು ಅದೃಷ್ಟವಂತೆ. ಆದರೆ ಈಗ ವೀಸಾಕ್ಕೆ ಮೊದಲೇ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕಲ್ಲ, ಅದನ್ನು ಕೇಳಿದರೆ ನನ್ನ ನಾಲ್ಕು ಲಕ್ಷ ನಾಚಿಕೊಳ್ಳುತ್ತದೆ.

ನೀನು ದಿನಾ ಯು35 ರೈಲಿನಲ್ಲಿ ಹೋಗುವ ಅದೇ ಕ್ಯಾಂಪಸ್ಸು, ಅದೇ ಕಾಂಕ್ರೀಟಿನ ಬೂದು ಕಟ್ಟಡಗಳು. ಮೊದಲ ಚಳಿಗಾಲದಲ್ಲಿ ಅವನ್ನು ನೋಡಿದರೆ ಅಳು ಬರುತ್ತಿತ್ತು. ಈಗ ಅಲ್ಲಿ ಹೋದಾಗ ತವರಿಗೆ ಹೋದಂತೆ ಸಲಿಗೆ. ವಿದ್ಯಾರ್ಥಿಗಳ ಕ್ಯಾಂಟೀನಾದ ಮೆನ್ಸಾದಲ್ಲಿ ತಟ್ಟೆ ತೊಳೆಯುವ ಯಂತ್ರದ ಮುಂದೆ ನಿಂತು ಗಂಟೆಗೆ ಇಷ್ಟೆಂದು ದುಡಿದಿದ್ದೇನೆ. ಅದನ್ನೂ ಮನೆಗೆ ಹೇಳಿರಲಿಲ್ಲ.

2008ರ ಜನವರಿಯಲ್ಲಿ ನೋಕಿಯಾ ತನ್ನ ಬೋಖುಮ್ ಕಾರ್ಖಾನೆಯನ್ನು ಮುಚ್ಚಿ ಕೆಲಸವನ್ನು ರುಮೇನಿಯಾಕ್ಕೆ ಒಯ್ಯುವುದಾಗಿ ಹೇಳಿತು. ಊರಿಗೆ ಊರೇ ಬೀದಿಗಿಳಿಯಿತು. ನಾನೂ ಸಹಪಾಠಿಗಳ ಜೊತೆ ನೋಡಲು ಹೋಗಿದ್ದೆ. ಚಳಿಯಲ್ಲಿ ಶಿಳ್ಳೆ ಊದುತ್ತ ನಿಂತ ನಡುವಯಸ್ಸಿನ ಗಂಡಸರ ಮುಖಗಳು ನನಗೆ ಪರಿಚಿತವಾಗಿದ್ದವು. ಮಿಲ್ಲಿನ ಗೇಟಿನ ಮುಂದೆ ಅಪ್ಪ ಮತ್ತವರ ಜೊತೆಗಾರರು ನಿಂತಿದ್ದೂ ಹೀಗೆಯೇ. ಜರ್ಮನಿಯಲ್ಲೂ ಕಾರ್ಖಾನೆ ಮುಚ್ಚುತ್ತದೆ ಎನ್ನುವುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ನೋಡು. ಅದೇ ಊರಿನಲ್ಲಿ ಓಪೆಲ್ ಕಾರಿನ ಕಾರ್ಖಾನೆ ಇತ್ತು, ನನ್ನ ಕಣ್ಣೆಲ್ಲ ಅದರ ಮೇಲೆ. 1962ರಲ್ಲಿ, ಮುಚ್ಚಿದ ಒಂದು ಕಲ್ಲಿದ್ದಲ ಗಣಿಯ ಜಾಗದಲ್ಲಿ ಕಟ್ಟಿದ ಕಾರ್ಖಾನೆ ಅದು. 2014ರಲ್ಲಿ ಅದೂ ಮುಚ್ಚಿತು. ಗಣಿ ಹೋಗಿ ಕಾರು, ಕಾರು ಹೋಗಿ ಈಗ ಅಲ್ಲಿ ಬೇರೆ ಏನೇನೋ. ನೀನು ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕಿಂತ ಹೆಚ್ಚು ಹುದ್ದೆ ಕಡಿಮೆ ಮಾಡುತ್ತದಂತೆ ಎಂದು ಗಾಬರಿಯಲ್ಲಿ ಬರೆದಿದ್ದೀಯೆ. ನಿಜ, ಗಾಬರಿಯಾಗುವಂಥದ್ದೇ. ಈ ಊರಿನವರು ಮಾತ್ರ ಆ ಸುದ್ದಿಯನ್ನು ನಾವು ಮಳೆ ಸುದ್ದಿ ಓದುವ ಹಾಗೆ ಓದುತ್ತಾರೆ.

ನಾನು ಪದವಿ ಮುಗಿಸಿದ್ದು 2009ರ ಮಾರ್ಚಿನಲ್ಲಿ. ಅಮೆರಿಕದಲ್ಲಿ ಬ್ಯಾಂಕ್ ಬಿದ್ದು ಆರು ತಿಂಗಳಾಗಿತ್ತು. ಇಲ್ಲಿನ ಕಾರ್ಖಾನೆಗಳಲ್ಲಿ ಇರುವವರಿಗೇ ಅರ್ಧ ದಿನದ ಕೆಲಸ, ಉಳಿದ ಸಂಬಳದ ಒಂದು ಪಾಲನ್ನು ಸರ್ಕಾರ ಕೊಡುತ್ತಿತ್ತು. ಹೊಸಬರನ್ನು ಯಾರು ಸೇರಿಸಿಕೊಳ್ಳುತ್ತಾರೆ? ಆಗ ಓದು ಮುಗಿಸಿದವರಿಗೆ ಕೆಲಸ ಹುಡುಕಲು ಒಂದೇ ವರ್ಷ ಅವಕಾಶ. ನಿನಗೆ ಹದಿನೆಂಟು ತಿಂಗಳು ಸಿಗುತ್ತದೆ. ನೂರಕ್ಕೂ ಹೆಚ್ಚು ಅರ್ಜಿ ಹಾಕಿದೆ. ಬಂದ ಉತ್ತರಗಳೆಲ್ಲ ಒಂದೇ ಅಚ್ಚಿನವು: ವಿಷಾದಿಸುತ್ತೇವೆ, ಮುಂದಿನ ದಾರಿಗೆ ಶುಭ ಹಾರೈಸುತ್ತೇವೆ. ಜರ್ಮನ್ ಭಾಷೆಯಲ್ಲಿ ನಾನು ನಿಘಂಟಿಲ್ಲದೆ ಓದಲು ಕಲಿತ ಮೊದಲ ಸಾಹಿತ್ಯ ಅದು.

ಒಂಬತ್ತನೆಯ ತಿಂಗಳಲ್ಲಿ, ಪಕ್ಕದ ಹೆರ್ನೆಯಲ್ಲಿ ಪಂಪು ರಿಪೇರಿ ಮಾಡುವ ಸಣ್ಣ ಸಂಸ್ಥೆಯೊಂದಕ್ಕೆ ಮೂರು ತಿಂಗಳ ಮಟ್ಟಿಗೆ ಒಬ್ಬರು ಬೇಕಾಗಿದ್ದರು. ಕೆಲಸ ಎಂಜಿನಿಯರಿನದಲ್ಲ. ಹೊರದೇಶಕ್ಕೆ ಕಳಿಸುವ ಪಂಪುಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತಿರುಗಿಸುವುದು. ಕಾರು ಬಿಟ್ಟು ಪಂಪೇ ಎಂದು ಮನಸ್ಸು ಎಳೆದಾಡಿತು. ಆದರೆ ಬಾಡಿಗೆ ಕೊಡಬೇಕಿತ್ತು. ಹೋದೆ.

ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಸುಟ್ಟ ವಾರ್ನಿಷ್ ವಾಸನೆ. ಏಳು ಸಾವಿರ ಕಿಲೋಮೀಟರು ಓಡಿ ಬಂದು ಅಪ್ಪನ ಅಂಗಡಿಗೇ ಹೊಕ್ಕಂತಾಯಿತು. ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಮಾಲೀಕರು ಅಲರ್ಜಿಯೇ ಎಂದು ಕೇಳಿದರು.

ಎರಡನೆಯ ವಾರದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ವೃತ್ತಿ ಶುರುವಾದದ್ದು ಆ ಹತ್ತು ನಿಮಿಷದಲ್ಲಿ. ಕಾಲುವೆ ದಡದ ಒಂದು ಪಂಪ್‌ಮನೆಯಲ್ಲಿ ಯಂತ್ರ ಅದುರುತ್ತಿದೆ ಎಂದು ಕರೆ ಬಂತು. ಹಿರಿಯ ಮೆಕ್ಯಾನಿಕ್, ಇಲ್ಲಿನವರ ಭಾಷೆಯಲ್ಲಿ ಮೈಸ್ಟರ್, ಹೊರಟಿದ್ದರು. ಯಾವುದರ ಬಗ್ಗೆ ಬರೆಯುತ್ತಿದ್ದೇನೋ ಆ ಯಂತ್ರವನ್ನು ಒಮ್ಮೆ ಕಣ್ಣಾರೆ ನೋಡುತ್ತೇನೆ ಎಂದು ನಾನೂ ವ್ಯಾನು ಹತ್ತಿದೆ. ಅಲ್ಲಿ ಅವರು ಜೇಬಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಬೇರಿಂಗಿನ ಮೇಲೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚಿದರು. ನನಗೆ ಮೈ ಜುಮ್ಮೆಂದಿತು. ನಮ್ಮಪ್ಪ ಮಾಡುತ್ತಿದ್ದುದು ಇದೇ. ಅವರು ಕೇಳಿ ಮುಗಿಸಿದ ಮೇಲೆ ನಾನು ಕೈ ಚಾಚಿದೆ. ತಮಾಷೆಗೆ ಕೊಟ್ಟರು. ಆನಿಸಿ ಕೇಳಿ, ನನಗೆ ಬರುತ್ತಿದ್ದ ಹರಕು ಜರ್ಮನ್ನಿನಲ್ಲಿ, 'ಬೇರಿಂಗ್ ಹೋಗಿದೆ' ಎಂದು ಧೈರ್ಯವಾಗಿ ಹೇಳಿದೆ.

ಬೇರಿಂಗ್ ಹೋಗಿರಲಿಲ್ಲ. ಪಂಪು ಬಿಚ್ಚಿದಾಗ ನೀರನ್ನು ತಳ್ಳುವ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ಸುತ್ತಿಕೊಂಡಿದ್ದದ್ದು ಬಟ್ಟೆಯ ಹಗ್ಗದಂಥ ಒಂದು ವಸ್ತು, ನನ್ನ ತೋಳಿನಷ್ಟು ಉದ್ದ, ಕಪ್ಪಗೆ, ಬಿಗಿಯಾಗಿ ಹೆಣೆದುಕೊಂಡಿತ್ತು. ಮಕ್ಕಳ ಅಂಡು ಒರೆಸಿ ಶೌಚಕ್ಕೆ ಹಾಕುವ ವೆಟ್ ವೈಪ್ಸ್. ಕಾಗದದಂತೆ ಅವು ಕರಗುವುದಿಲ್ಲ. ನೀರಿನ ಸುಳಿಯಲ್ಲಿ ಒಂದಕ್ಕೊಂದು ಹೊಸೆದುಕೊಂಡು ಜಡೆಯಾಗುತ್ತವೆ. ಜರ್ಮನ್ನರು ಇದಕ್ಕಿಟ್ಟ ಹೆಸರೂ ಅದೇ, ಫೆರ್‌ತ್ಸೊಪ್ಫುಂಗ್, ಜಡೆಗಟ್ಟುವಿಕೆ. ನನ್ನ ಬೆನ್ನ ಮೇಲಿನ ಜಡೆಯನ್ನೂ ಕೈಯಲ್ಲಿದ್ದ ಜಡೆಯನ್ನೂ ನೋಡಿ ಮೈಸ್ಟರ್ ಏನೋ ಹೇಳಿ ನಕ್ಕರು, ನನಗೆ ಅರ್ಥವಾಗಲಿಲ್ಲ. ಮರಳುವಾಗ ವ್ಯಾನಿನಲ್ಲಿ ಕೇಳಿದರು: 'ನೀನು ಹೇಳಿದ್ದು ತಪ್ಪು. ಆದರೆ ಸ್ಕ್ರೂಡ್ರೈವರನ್ನು ಹಾಗೆ ಹಿಡಿಯಲು ಯಾರು ಕಲಿಸಿದರು?' ಮರುದಿನದಿಂದ ಬೆಳಿಗ್ಗೆ ಕೈಪಿಡಿ, ಮಧ್ಯಾಹ್ನ ವ್ಯಾನು. ಮೂರು ತಿಂಗಳು ಮುಗಿಯುವ ಹೊತ್ತಿಗೆ ಮಾಲೀಕರು ಕಾಯಂ ಒಪ್ಪಂದ ಮುಂದಿಟ್ಟರು. ನನ್ನ ವಾಸದ ಪರವಾನಗಿಗೆ ಉಳಿದಿದ್ದದ್ದು ಮೂರು ವಾರ.

ಭಾಷೆಯ ಬಗ್ಗೆ ಕೇಳಿದ್ದೀಯೆ. ನಾನು ತರಗತಿಯಲ್ಲಿ ಕಲಿತ ಜರ್ಮನ್ ಒಂದು, ವರ್ಕ್‌ಶಾಪಿನಲ್ಲಿ ಆಡುತ್ತಿದ್ದದ್ದು ಇನ್ನೊಂದು. ಮೈಸೂರಿನವರು ಮೊದಲ ಸಲ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ನಿಂತಂತೆ. ವರ್ಕ್‌ಶಾಪಿನವರು ನನ್ನನ್ನು ಮೊದಲ ದಿನವೇ 'ನೀನು' ಎಂದರು. ಮಾಲೀಕರು ನಾಲ್ಕು ವರ್ಷ 'ನೀವು' ಎಂದು, ಒಂದು ಕ್ರಿಸ್‌ಮಸ್ ಊಟದಲ್ಲಿ ವಿಧಿವತ್ತಾಗಿ ಎದ್ದು ನಿಂತು 'ನೀನು'ಗೆ ಇಳಿದರು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ಊಟದ ಹೊತ್ತಿನ ನಮಸ್ಕಾರವಾದ 'ಮಾಲ್‌ತ್ಸೈಟ್' ಎನ್ನುತ್ತ ಮೇಜಿಗೆ ಬರುತ್ತಿದ್ದರು. ನನ್ನ ಚಪಾತಿ ಪಲ್ಯದ ಡಬ್ಬಿ, ಅವರ ಬ್ರೆಡ್ಡಿನ ಮೇಲೆ ಹಸಿ ಹಂದಿಮಾಂಸ. ಮೊದಲು ಮುಖ ತಿರುಗಿಸುತ್ತಿದ್ದೆ, ಆಮೇಲೆ ಅಭ್ಯಾಸವಾಯಿತು. ಸಗಣಿ ನೀರಿನ ಕತೆಯನ್ನು ಒಂದು ದಿನ ಅಲ್ಲಿ ಹೇಳಿದೆ. ಮೈಸ್ಟರ್ ಗಂಭೀರವಾಗಿ ತಲೆದೂಗಿ, 'ಒಳ್ಳೆಯ ವಿಧಾನ. ನಮಗೆ ಬೇರೆಯಾಗಿ ಹಾಕುವ ಅಗತ್ಯವಿಲ್ಲ, ನಮ್ಮ ಪೈಪಿನಲ್ಲಿ ಬೆರೆತೇ ಬರುತ್ತದೆ' ಎಂದರು. ನನ್ನ ಜರ್ಮನ್ ಸುಧಾರಿಸಿದ್ದು ಆ ಮೇಜಿನಲ್ಲಿ. ನೀನು ಜರ್ಮನ್ ಭಾಷೆಯ ಬಿ1 ಮಟ್ಟದ ಸರ್ಟಿಫಿಕೇಟ್ ಸಾಕೇ, ಅದರ ಮೇಲಿನ ಬಿ2 ಬೇಕೇ ಎಂದು ಕೇಳಿದ್ದಕ್ಕೆ ನನ್ನ ಉತ್ತರ: ಸರ್ಟಿಫಿಕೇಟು ತೆಗೆದುಕೋ, ಊಟ ಮಾತ್ರ ಕನ್ನಡದವರ ಜೊತೆಗೇ ಮಾಡುತ್ತ ಕೂರಬೇಡ.

ಇನ್ನು ಸ್ಕೋಪಿನ ವಿಚಾರ. ನಿನ್ನ ಹಾಸ್ಟೆಲಿನಿಂದ ಉತ್ತರಕ್ಕೆ ಹದಿನೈದು ಇಪ್ಪತ್ತು ನಿಮಿಷ ರೈಲಿನಲ್ಲಿ ಹೋದರೆ ಎಮ್ಶರ್ ಎಂಬ ನದಿ ಸಿಗುತ್ತದೆ. ನಾನು ಬಂದಾಗ ಅದನ್ನು ನದಿ ಎನ್ನುವಂತಿರಲಿಲ್ಲ. ಕಾಂಕ್ರೀಟಿನ ತೆರೆದ ಕಾಲುವೆಯಲ್ಲಿ, ಬೇಲಿಯ ಹಿಂದೆ, ಇಡೀ ಪ್ರದೇಶದ ಮನೆಗಳ, ಕಾರ್ಖಾನೆಗಳ ಕೊಳಚೆ ಬಯಲಿನಲ್ಲೇ ಹರಿಯುತ್ತಿತ್ತು. ಸ್ಥಳೀಯರು ಅದನ್ನು ಕ್ಯೊಟ್ಟೆಲ್‌ಬೆಕೆ ಎನ್ನುತ್ತಿದ್ದರು. ಮರ್ಯಾದೆಯ ಕನ್ನಡದಲ್ಲಿ ಹೇಳುವುದಾದರೆ ಮಲದ ಹಳ್ಳ. ಜರ್ಮನ್ನರಿಗೆ ಭೂಗತ ಚರಂಡಿ ಕಟ್ಟಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಕೆಳಗೆ ಕಲ್ಲಿದ್ದಲು ತೆಗೆದಂತೆಲ್ಲ ಮೇಲಿನ ನೆಲ ಕುಸಿಯುತ್ತಿತ್ತು. ಹೂತ ಪೈಪು ಉಳಿಯುವ ಹಾಗಿರಲಿಲ್ಲ. ಅದಕ್ಕೇ 1899ರಲ್ಲಿ ಊರುಗಳು, ಗಣಿಗಳು, ಕಾರ್ಖಾನೆಗಳು ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡು ನದಿಯನ್ನೇ ಚರಂಡಿ ಮಾಡಿಬಿಟ್ಟವು. ಗಣಿಗಾರಿಕೆ ಉತ್ತರಕ್ಕೆ ಸರಿದು ನೆಲ ನಿಂತ ಮೇಲೆ, 1992ರಿಂದ ನದಿಯನ್ನು ಮತ್ತೆ ನದಿ ಮಾಡುವ ಕೆಲಸ ಹಿಡಿದರು. ಮೂವತ್ತು ವರ್ಷ, ಐದು ಶತಕೋಟಿ ಯೂರೋಗಿಂತ ಹೆಚ್ಚು ಖರ್ಚು.

ಅದರ ಬೆನ್ನೆಲುಬು ಡಾರ್ಟ್‌ಮುಂಡ್‌ನಿಂದ ಡಿನ್ಸ್‌ಲಾಕೆನ್‌ವರೆಗೆ 51 ಕಿಲೋಮೀಟರ್ ಉದ್ದದ ಭೂಗತ ಕೊಳಚೆ ಕಾಲುವೆ. ಕೊಳಚೆ ತಾನಾಗಿ ಹರಿಯಬೇಕಾದರೆ ಇಳಿಜಾರು ಬೇಕು, ಇಲ್ಲಿ ಕಿಲೋಮೀಟರಿಗೆ ಒಂದೂವರೆ ಮೀಟರ್. ಲೆಕ್ಕ ಹಾಕು: ಸಮತಟ್ಟು ನೆಲದಲ್ಲಿ 51 ಕಿಲೋಮೀಟರ್ ಹೋಗುವಷ್ಟರಲ್ಲಿ ಪೈಪು ಎಪ್ಪತ್ತು ಮೀಟರಿಗಿಂತ ಆಳಕ್ಕೆ ಇಳಿಯುತ್ತದೆ. ಅಷ್ಟು ಆಳಕ್ಕೆ ಹೋಗಲು ಬಿಡದೆ ನಡುವೆ ಗೆಲ್ಸೆನ್‌ಕಿರ್ಶೆನ್, ಬೊಟ್ರೊಪ್, ಓಬರ್‌ಹೌಸೆನ್‌ಗಳಲ್ಲಿ ಎತ್ತಿ ಮೇಲೆ ಹಾಕಬೇಕು. ಅಲ್ಲಿ ಪಂಪು ಬೇಕು. ಪಂಪು ಇದ್ದಲ್ಲಿ ಜಡೆ ಇದೆ. ಜಡೆ ಇದ್ದಲ್ಲಿ ನಾನಿದ್ದೇನೆ. 2021ರ ಕೊನೆಗೆ ನದಿಗೆ ಕೊಳಚೆ ಬೀಳುವುದು ಪೂರ್ತಿ ನಿಂತಿತು. ಈಗ ದಡದಲ್ಲಿ ಸೈಕಲ್ ದಾರಿ ಇದೆ, ಮಿಂಚುಳ್ಳಿ ಕೂರುತ್ತದೆ. ಶಾಲೆಯಲ್ಲಿ ಅಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದಾಗ ನನ್ನ ಮಗ ಮಿಂಚುಳ್ಳಿಯ ಚಿತ್ರ ಬರೆದು, ಅದರ ಕೆಳಗೆ ನೆಲದೊಳಗೆ ಕಂದು ಬಣ್ಣದ ದಪ್ಪ ಗೆರೆಯೊಂದನ್ನು ಎಳೆದು ಬಂದ. ನನ್ನ ಕೆಲಸವನ್ನು ಅದಕ್ಕಿಂತ ಸರಿಯಾಗಿ ಯಾರೂ ವಿವರಿಸಿಲ್ಲ.

ಗಣಿಗಳು ಮುಗಿದವು, ಕೊನೆಯದು 2018ರ ಡಿಸೆಂಬರಿನಲ್ಲಿ ಬೊಟ್ರೊಪ್‌ನಲ್ಲಿ ಮುಚ್ಚಿತು. ಆದರೆ ಕುಸಿದ ನೆಲ ಮೇಲೇಳುವುದಿಲ್ಲ. ಈ ಪ್ರದೇಶದ ದೊಡ್ಡ ಭಾಗ ಈಗ ತಟ್ಟೆಯಂತೆ ತಗ್ಗಿನಲ್ಲಿದೆ. ಪಂಪು ನಿಲ್ಲಿಸಿದರೆ ಕೆರೆಯಾಗುತ್ತದೆ. ಆದ್ದರಿಂದ ಪಂಪುಗಳು ಎಂದೆಂದಿಗೂ ಓಡುತ್ತಿರಬೇಕು. ಇದಕ್ಕೆ ಇಲ್ಲಿನ ಸರ್ಕಾರಿ ಕಾಗದಗಳಲ್ಲಿ ಇರುವ ಹೆಸರೇ 'ಅನಂತಕಾಲದ ಕೆಲಸಗಳು'. ಗಣಿಯ ನೀರೆತ್ತುವ ಖರ್ಚಿಗೆಂದು 2007ರಲ್ಲಿ ಒಂದು ಪ್ರತಿಷ್ಠಾನವನ್ನೂ ಮಾಡಿಟ್ಟಿದ್ದಾರೆ. ಮದುವೆಯ ಮಾತುಕತೆಯಲ್ಲಿ ನನ್ನ ಅತ್ತೆ 'ಕೆಲಸ ಪರ್ಮನೆಂಟೇನಮ್ಮಾ?' ಎಂದು ಕೇಳಿದ್ದರು. ಅನಂತಕಾಲದವರೆಗೆ ಇದೆ ಎಂದು ಲಿಖಿತವಾಗಿ ಕೊಡಬಲ್ಲ ಸೊಸೆ ಅವರಿಗೆ ಬೇರೆಲ್ಲಿ ಸಿಗುತ್ತಿದ್ದಳು? ನೀನು ಸ್ಕೋಪ್ ಕೇಳಿದೆಯಲ್ಲ, ಇದು. ಮುಚ್ಚಿಹೋದ ಉದ್ಯಮ ಬಿಟ್ಟುಹೋದ ಗುಂಡಿಯಲ್ಲಿ ನನ್ನ ಉದ್ಯೋಗ ಇದೆ ಎಂದು 2001ರ ಯಾವ ಕೌನ್ಸೆಲಿಂಗ್ ಪರದೆಯೂ ತೋರಿಸುತ್ತಿರಲಿಲ್ಲ.

ಬಂದ ಉದ್ದೇಶ ಒಂದು, ಉಳಿದ ಕೆಲಸ ಇನ್ನೊಂದು ಆದವರಲ್ಲಿ ನಾನೇ ಮೊದಲಿಗಳಲ್ಲ ಬಿಡು. ಇದೇ ದೇಶದ ಉತ್ತರ ತುದಿಯಲ್ಲಿ ಹುಟ್ಟಿದ ಕಿಟ್ಟೆಲ್ ನಮ್ಮ ಕಡೆ ಬಂದದ್ದು ಧರ್ಮಪ್ರಚಾರಕ್ಕೆ. ಕೊಟ್ಟುಹೋದದ್ದು ನಿಘಂಟು.

ಅಪ್ಪ 2013ರಲ್ಲಿ ಒಮ್ಮೆ ಬಂದಿದ್ದರು. ಅರಮನೆ, ಚರ್ಚು, ರೈನ್ ನದಿ ಎಲ್ಲ ತೋರಿಸಿದೆ, 'ಚೆನ್ನಾಗಿದೆ' ಎಂದರು. ವರ್ಕ್‌ಶಾಪಿಗೆ ಕರೆದುಕೊಂಡು ಹೋದ ದಿನ ಮಾತ್ರ ಅವರನ್ನು ಅಲ್ಲಿಂದ ಎಬ್ಬಿಸುವುದು ಕಷ್ಟವಾಯಿತು. ಸುಟ್ಟ ಸ್ಟೇಟರ್, ಅಂದರೆ ಮೋಟಾರಿನ ತಿರುಗದ ಹೊರಭಾಗ, ಒಂದು ಬೆಂಚಿನ ಮೇಲಿತ್ತು. ಅಪ್ಪನಿಗೆ ಜರ್ಮನ್ ಬಾರದು, ಮೈಸ್ಟರಿಗೆ ಕನ್ನಡ ಬಾರದು. ಅಪ್ಪ ಬಗ್ಗಿ ಮೂಸಿದರು. ಮೈಸ್ಟರೂ ಬಗ್ಗಿ ಮೂಸಿದರು. ಅಪ್ಪ ಮೂರು ಬೆರಳು ಎತ್ತಿ ಒಂದನ್ನು ಮಡಿಸಿದರು, ಅಂದರೆ ಮೂರರಲ್ಲಿ ಒಂದು ಫೇಸ್ ಹೋಗಿ ಉಳಿದೆರಡರಲ್ಲೇ ಓಡಿ ಸುಟ್ಟಿದೆ ಎಂದು. ಮೈಸ್ಟರ್ ಹೌದೆಂದು ತಲೆಯಾಡಿಸಿ ಒಳಗೆ ಹೋಗಿ ಎರಡು ಕಪ್ ಕಾಫಿ ತಂದರು. ನನಗೆ ತರಲಿಲ್ಲ.

2016ರಲ್ಲಿ ಅಪ್ಪ ಹೋದರು. ನಾನು ತಲುಪಿದ್ದು ಮರುದಿನ. ಪರದೇಶದ ಜೀವನ ಹೇಗಿದೆ ಎಂದು ಕೇಳುವವರಿಗೆ ಇದನ್ನೂ ಹೇಳಬೇಕು, ಆದರೆ ಇದರ ಬಗ್ಗೆ ಹೆಚ್ಚು ಬರೆಯಲಾರೆ. ಉಳಿದ ಕಷ್ಟಗಳು ಚಿಲ್ಲರೆ. ಮನೆ ಬಾಡಿಗೆಗೆ ಕೇಳಿ ಪತ್ರ ಬರೆದರೆ ಹೆಸರು ನೋಡಿ ಉತ್ತರ ಬಾರದಿರುವುದು ಉಂಟು, ಈಗಲೂ. ಸಂಬಳ, ಅಮೆರಿಕಕ್ಕೆ ಹೋದ ನನ್ನ ಸಹಪಾಠಿಗಳದಕ್ಕೆ ಹೋಲಿಸಿದರೆ ಅರ್ಧವೂ ಅಲ್ಲ. ತೆರಿಗೆ ಕಳೆದ ಮೇಲೆ ಹೋಲಿಸುವ ಉತ್ಸಾಹವೂ ಉಳಿಯುವುದಿಲ್ಲ. ಆದರೆ ಸಂಜೆ ಐದಕ್ಕೆ ಮನೆಯಲ್ಲಿರುತ್ತೇನೆ, ಮಳೆಯ ವಾರ ಬಿಟ್ಟು. ಜೋರು ಮಳೆ ಬಂದಾಗ ಊರಿನ ಗಟಾರಗಳಲ್ಲಿ ಕೂತದ್ದೆಲ್ಲ ಕೊಚ್ಚಿಕೊಂಡು ಬರುತ್ತದೆ. ರಾತ್ರಿ ಫೋನು ಬಂದರೆ ಎದ್ದು ಹೋಗುತ್ತೇನೆ. ಹೋಗಲು ಬೇಜಾರಾಗುವುದಿಲ್ಲ ಎಂದರೆ ನಂಬುತ್ತೀಯೋ ಇಲ್ಲವೋ. ಪಂಪು ಮತ್ತೆ ನೀರು ಹಿಡಿದಾಗ ಸದ್ದು ಬದಲಾಗುತ್ತದೆ, ಒಣ ಗರಗರ ಹೋಗಿ ತುಂಬಿದ ದನಿ ಬರುತ್ತದೆ. ಆ ಸದ್ದಿಗೆ ನಾನು ಇನ್ನೂ ಸೋಲುತ್ತೇನೆ.

ಈಗ ನಿನ್ನ ಲಿಫ್ಟು. ಕೆಲಸ ಒಪ್ಪಿಕೋ. ಕಾರಿನ ಕಂಪನಿಗೆ ಅರ್ಜಿ ಹಾಕುವುದನ್ನು ನಿಲ್ಲಿಸು ಎಂದು ನಾನು ಹೇಳುತ್ತಿಲ್ಲ, ಹಾಕುತ್ತಿರು. ಲಿಫ್ಟಿನಲ್ಲೂ ಮೋಟಾರಿದೆ, ಬ್ರೇಕಿದೆ, ಹಗ್ಗವಿದೆ, ಹತ್ತನೆಯ ಮಹಡಿಯಲ್ಲಿ ಕಾಯುತ್ತ ನಿಂತ ಅಜ್ಜಿ ಇದ್ದಾಳೆ. ಅದು ನಿನಗೆ ಹಿಡಿಸುತ್ತದೋ ಇಲ್ಲವೋ ಮಾಡಿ ನೋಡದೆ ಗೊತ್ತಾಗುವುದಿಲ್ಲ. ಹಿಡಿಸದಿದ್ದರೆ ಬಿಡು, ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಒಪ್ಪಂದವನ್ನು ಲಿಖಿತವಾಗಿ ಪಡೆ. ತರಗತಿಗಳು ನಡೆಯುವ ತಿಂಗಳುಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮೀರಬೇಡ, ಮೀರಿದರೆ ವಿದ್ಯಾರ್ಥಿಗಳಿಗಿರುವ ವಿಮೆಯ ರಿಯಾಯಿತಿ ಹೋಗುತ್ತದೆ. ಕಚೇರಿಯಲ್ಲಿ ಕೂರಿಸುತ್ತೇವೆ ಎಂದರೆ, ವಾರಕ್ಕೊಂದು ದಿನವಾದರೂ ವ್ಯಾನಿನಲ್ಲಿ ಕಳಿಸಿ ಎಂದು ಕೇಳು.

ಹಾಗೆಯೇ, ಮುಂದೆ ಉಕ್ಕಿನ ಕವಚವಿರುವ ಸುರಕ್ಷತೆಯ ಬೂಟನ್ನು ಅವರೇ ಕೊಡಬೇಕು, ನೀನು ದುಡ್ಡು ಕೊಡಬೇಕಾಗಿಲ್ಲ. ಅಳತೆ ಕೇಳಿದಾಗ ಸಂಕೋಚಪಟ್ಟು ಅಂದಾಜಿನಲ್ಲಿ ಹೇಳಬೇಡ. ಚಳಿಗಾಲದ ದಪ್ಪ ಕಾಲುಚೀಲ ಹಾಕಿಕೊಂಡು, ನಾಲ್ಕು ಹೆಜ್ಜೆ ನಡೆದು ನೋಡಿ ಹೇಳು. ನನ್ನ ಮೊದಲ ಜೋಡಿ ಒಂದು ಅಳತೆ ಚಿಕ್ಕದಾಗಿತ್ತು. ಬದಲಾಯಿಸಿಕೊಡಿ ಎಂದು ಕೇಳುವಷ್ಟು ಜರ್ಮನ್ ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು.